ಒಲೆಯ ದೇವತೆಯನ್ನು ನೋಡಲು ಬಂದವರು

ತರಕಾರಿ ಮಂಡಿ ಮುನಿನಾರಾಯಣಪ್ಪನವರು ಒಮ್ಮೆ ಹಟ ಹಿಡಿದರೆ ಬಿಡುವ ಆಸಾಮಿಯಲ್ಲ. ಆರು ವರ್ಷಗಳಿಂದ ಅವರ ಹಟ ಒಂದೇ: ಮಗಳು ಲಾವಣ್ಯಾಳ ಮದುವೆ. ಲಾವಣ್ಯಾ ಸ್ಕೂಲ್ ಟೀಚರು, ಪದ್ಯ ಬರೆಯುವವಳು, ಇಪ್ಪತ್ತೆಂಟು ತುಂಬಿದವಳು. ಹಟದಲ್ಲಿ ಮಾತ್ರ ಅಪ್ಪನದೇ ಪಡಿಯಚ್ಚು.

"ಅಪ್ಪಾ, ನಂಗೆ ಯಾರ ಮೇಲೂ ಆ ಥರ ಮನಸ್ಸೇ ಆಗಲ್ಲ. ಪ್ರೀತಿ-ಪ್ರೇಮಾನೂ ಇಲ್ಲ, ಆ ಆಸೇನೂ ಇಲ್ಲ. ಸೈಬರ್ ಸೆಂಟರ್‌ನಲ್ಲಿ ಓದಿದೀನಿ, ನನ್ನಂಥೋರು ಬೇಕಾದಷ್ಟು ಜನ ಇದಾರೆ."

"ಮದುವೆ ಆದ್ಮೇಲೆ ಎಲ್ಲಾ ಸರಿಹೋಗುತ್ತೆ."

ಈ ಮಾತನ್ನು ಅವರು ಎಷ್ಟು ಸಲ ಹೇಳಿದ್ದರೆಂದರೆ, ಬಚ್ಚಲಮನೆಯ ನಲ್ಲಿ ಸೋರಿದಾಗಲೂ ಹೆಂಡತಿ ಚಿಕ್ಕಮುನಿಯಮ್ಮ, "ಅದಕ್ಕೂ ಒಂದು ಮದುವೆ ಮಾಡ್ಸಿ, ಸರಿಹೋಗುತ್ತೆ" ಎನ್ನತೊಡಗಿದ್ದರು.

ಎರಡು ಸಾವಿರದ ಮೂರನೇ ಇಸವಿಯಲ್ಲಿ ಮುನಿನಾರಾಯಣಪ್ಪನವರಿಗೆ ದಿವ್ಯವಾದ ಐಡಿಯಾ ಹೊಳೆಯಿತು. ಕವಿಗೆ ಕವಿಯನ್ನೇ ತಂದರೆ? ಕುಮಾರ ಪಾರ್ಕಿನ ಯೋಗಾನಂದ ಸಿಕ್ಕಿದ. ಬ್ಯಾಂಕಿನ ಕೆಲಸ; ವಾರಪತ್ರಿಕೆಯಲ್ಲಿ ಎರಡು ಚುಟುಕ ಅಚ್ಚಾಗಿದ್ದವು (ಎರಡೂ ಸೊಳ್ಳೆಯ ಮೇಲೆ). ಹುಡುಗಿ ಹಾಡು ಹೇಳುವ ಬದಲು ಪದ್ಯ ಓದಲಿ ಎಂದು ಏರ್ಪಾಡಾಯಿತು.

"ಓದ್ತೀನಿ," ಎಂದಳು ಲಾವಣ್ಯಾ. "ಆದ್ರೆ ಮುಗಿಯೋವರ್ಗೂ ಯಾರೂ ಬಾಯಿ ಹಾಕಬಾರ್ದು."

ಇಷ್ಟು ಸುಲಭಕ್ಕೆ ಒಪ್ಪಿದಳಲ್ಲ ಎಂದು ಅಪ್ಪ ಅನುಮಾನಪಡಬೇಕಿತ್ತು. ಅವರು ಕೇಸರಿಬಾತಿಗೆ ಗೋಡಂಬಿ ತರಲು ಓಡಿದರು.

ಭಾನುವಾರ ಯೋಗಾನಂದ ತಾಯಿ ಪಾರ್ವತಮ್ಮನವರೊಡನೆ ಬಂದು ಕೂತ. ಲಾವಣ್ಯಾ ನೋಟ್‌ಬುಕ್ ತೆರೆದಳು.

"ಪದ್ಯದ ಹೆಸರು ಹೆಸ್ತಿಯಾ."

"ಆಸ್ತಿಯಾ?" ಪಾರ್ವತಮ್ಮ ಮುಂದಕ್ಕೆ ಬಾಗಿದರು. "ಎಲ್ಲಿದೆ?"

"ಗ್ರೀಸ್‌ನಲ್ಲಿ, ಆಂಟಿ. ಅವಳು ಅಲ್ಲಿನವರ ಒಲೆಯ ದೇವತೆ."

ಒಲೆ! ಮುನಿನಾರಾಯಣಪ್ಪನವರ ಎದೆ ಉಬ್ಬಿತು. ಇದಕ್ಕಿಂತ ಗೃಹಿಣೀ ಲಕ್ಷಣ ಇನ್ನೇನು ಬೇಕು? ಮಗಳು ಓದಿದಳು:

ಕಡಲ ದೇವರು ಹೆಣ್ಣು ಕೇಳಿದ, ಬಿಸಿಲ ದೇವರೂ ಕೇಳಿದ;
ನನ್ನೊಳಗೆಲ್ಲ ತಡಕಿದೆ, ಅವರಿಗೆ ಕೊಡುವಂಥದು ಸಿಗಲಿಲ್ಲ.
ದೊಡ್ಡ ದೇವರ ತಲೆ ಮುಟ್ಟಿ ಆಣೆಯಿಟ್ಟೆ, ನನ್ನನ್ನು ನನಗೇ ಬಿಡಿ.
ಒಲೆ ಆರಿದೆಯೆಂದು ಮರುಗಬೇಡಿ;
ಮನೆಯೆಲ್ಲ ಬೆಚ್ಚಗಿದೆ, ಕೈಚಾಚಿ ನೋಡಿ.

ಉಬ್ಬಿದ ಎದೆ ಹಾಗೇ ನಿಂತಿತು. ಚಿಕ್ಕಮುನಿಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಚೆನ್ನಾಗಿದೆ," ಎಂದ ಯೋಗಾನಂದ, ಕೇಸರಿಬಾತು ಅಗಿಯುತ್ತ. "ಕೊನೇಲಿ ಅವಳಿಗೊಂದು ಮದುವೆ ಮಾಡಿಸ್ಬಿಡಿ, ಪೂರ್ತಿ ಆಗುತ್ತೆ."

"ಅವಳು ಬೇಡ ಅಂದ್ಳಲ್ಲ. ನಾನೂ ಬೇಡ ಅಂತೀನಿ. ನಿಮ್ಮ ತಪ್ಪಲ್ಲ; ಯಾರು ಬಂದ್ರೂ ಅಷ್ಟೇ, ಆ ಆಸೇನೇ ನನ್ನಲ್ಲಿಲ್ಲ."

ಯೋಗಾನಂದ ನಕ್ಕ. "ಹುಡುಗೀರು ಮೊದ್ಲು ಹಂಗೇ ಅಂತಾರೆ. ಮದುವೆ ಆದ್ಮೇಲೆ ಎಲ್ಲಾ ಸರಿಹೋಗುತ್ತೆ."

ತಮ್ಮದೇ ಮಾತು, ಒಂದಕ್ಷರ ಆಚೀಚೆಯಿಲ್ಲ. ಇನ್ನೊಬ್ಬನ ಬಾಯಲ್ಲಿ, ಅದೂ ತಾವೇ ತಂದ ಗೋಡಂಬಿ ತುಂಬಿದ ಬಾಯಲ್ಲಿ, ಅದು ಇಷ್ಟು ಕೆಟ್ಟದಾಗಿ ಕೇಳಿಸೀತೆಂದು ಮುನಿನಾರಾಯಣಪ್ಪನವರು ಎಣಿಸಿರಲಿಲ್ಲ. ಮಗಳು ಆರು ವರ್ಷ ಹೇಗೆ ಕೇಳಿಸಿಕೊಂಡಳೋ!

"ಏನ್ರೀ ಸರಿಹೋಗೋದು?" ಅವರು ಎದ್ದೇ ಬಿಟ್ಟರು. "ನನ್ ಮಗಳೇನು ಕೆಟ್ಟು ನಿಂತಿರೋ ಲಾರೀನಾ? ಇಷ್ಟು ಬಿಡಿಸಿ ಹೇಳಿದ್ದು ಕೇಳಿಸ್ಲಿಲ್ವಾ? ಏಳ್ರೀ, ಏಳಿ!"

"ಇದೇನು ಮರ್ಯಾದೆ!" ಎನ್ನುತ್ತ ಪಾರ್ವತಮ್ಮ ಮಗನನ್ನು ಎಳೆದುಕೊಂಡು ಹೊರಟರು.

"ಅಪ್ಪಾ..." ಎಂದಳು ಲಾವಣ್ಯಾ.

"ಸುಮ್ನಿರು. ನಿನ್ ಮೇಲೂ ಕೋಪ ಇದೆ. ಇಷ್ಟು ಚೆನ್ನಾಗಿ ಬರಿಯೋಳು ಅಪ್ಪಂಗೆ ಒಂದಿನಾದ್ರೂ ಓದಿ ಹೇಳಿದ್ಯಾ?"

"ನೀನು ಕೇಳಿದ್ಯಾ?"

ಮುನಿನಾರಾಯಣಪ್ಪನವರು ಕುರ್ಚಿ ಎಳೆದುಕೊಂಡು ಕೂತರು. "ಇನ್ನೊಂದ್ಸಲ ಓದು. ನಿಧಾನಕ್ಕೆ."

ಮರುದಿನ ಬೆಳಿಗ್ಗೆ ಎದುರುಮನೆ ಮಾರಕ್ಕ ಬಾಗಿಲಲ್ಲಿ ನಿಂತಿದ್ದಳು.

"ಅಣ್ಣಾ, ನಿನ್ನೆ ಬೈದಿದ್ದು ಬೀದಿಗೆಲ್ಲ ಕೇಳಿಸ್ತು. ನಮ್ ಮಗಳು ರುದ್ರಾಣಿ ಬಿ.ಎ. ಮುಗಿಸ್ಬೇಕು ಅಂತ ಅಳ್ತಾವ್ಳೆ, ನಮ್ಮೆಜಮಾನ್ರು ಗಂಡಿನ ಕಡೆಯೋರನ್ನ ಕರೆದವ್ರೆ. ನೀವೊಂದ್ಸಲ ಬಂದು ಹಂಗೇ ಬೈದುಕೊಟ್ಟು ಹೋಗ್ರಣ್ಣಾ."

ಆರು ವರ್ಷ ಗಂಡು ಹುಡುಕಿ ಚಪ್ಪಲಿ ಸವೆಸಿದ ಮುನಿನಾರಾಯಣಪ್ಪನವರು ಪೆಚ್ಚಾದರು. ಒಳಗಿಂದ ತಾಯಿ ಮಗಳು ಇಬ್ಬರೂ ಕಿಸಕ್ಕೆಂದರು.

"ಎಷ್ಟು ಗಂಟೆಗಂತೆ ಬರೋದು?" ಎಂದರು ಅವರು, ಗಂಟಲು ಸರಿಮಾಡಿಕೊಳ್ಳುತ್ತ.