ಬೀಗರ ಮುಂದೆ ಕಪ್ಪಾದ ಪರದೆ

"ಕರ್ನಲ್‌ನೊಳಗೆ ಕೈ ಹಾಕಿ ನಾನು ಯಾವತ್ತಾದರೂ ಬರಿಗೈಲಿ ಬಂದಿದ್ದೀನಾ?" ಎಂದು ಮಾರ್ಲೆನ್ ಬೆಳಗಿನ ಚಹಾದ ಮುಂದೆ ಘೋಷಿಸಿದ. ಕರಕೋಲ್ ಊರಿಗೆಲ್ಲ ಕಂಪ್ಯೂಟರ್ ವೈದ್ಯ ಅವನೇ; ಯಂತ್ರವನ್ನು ಒಳಗಿಂದ ಆಳುವ ಕರ್ನಲ್ ಎಂಬ ತಂತ್ರಾಂಶದ ತಿರುಳೇ ಅವನ ಅಖಾಡ. ಅಂಥವನ ಮನೆಯಲ್ಲೇ ಅಮ್ಮನ ಲ್ಯಾಪ್‌ಟಾಪ್ ಪರದೆ ಮಸಿ ಬಳಿದ ಹಾಗೆ ಕಪ್ಪಾಗಿ ಕೂತಿತ್ತು. ಅದೂ ಇವತ್ತೇ! ತಂಗಿಯ ಅತ್ತೆಮನೆಯಿರುವ ನರೀನ್‌ನಲ್ಲಿ ಅವಳ ಮಗ ಬೆಕ್ತೂರನ ಕಾಲಿಗೆ ಕಟ್ಟಿದ ದಾರವನ್ನು ಓಟದಲ್ಲಿ ಮೊದಲು ಬಂದ ಮಗು ಕತ್ತರಿಸಿ, ಮೊದಲ ಬಾರಿಗೆ ನಡೆಯಲು ಬಿಡುವ ಶಾಸ್ತ್ರ. ಹಿಮ ಬಿದ್ದು ದಾರಿ ಮುಚ್ಚಿದೆ. ಅಮ್ಮ ಸಾಲ್ಕಿನ್ ಮೊಮ್ಮಗನ ನಡಿಗೆ ನೋಡಬೇಕಾದರೆ ಆ ಪರದೆಯೇ ಗತಿ. ಮೊಬೈಲಿನಲ್ಲಿ ಅವಳ ಕಣ್ಣಿಗೆ ಮೊಮ್ಮಗನೂ ಒಂದೇ, ಬೆಕ್ಕೂ ಒಂದೇ.

ಮಾರ್ಲೆನ್ ಯಂತ್ರವನ್ನು ತನ್ನ ಕೋಣೆಗೆ ಒಯ್ದು ಕರ್ನಲ್‌ನ ಹಿಂಬೆಳಕಿನ ಸೆಟ್ಟಿಂಗ್ ಬದಲಿಸಿದ. ಪರದೆ ಝಗಮಗಿಸಿತು. ಗೆದ್ದ ಸೇನಾಪತಿಯ ಠೀವಿಯಲ್ಲಿ ತಂದು ಅಮ್ಮನ ಮುಂದಿಟ್ಟು ಬೆನ್ನು ತಿರುಗಿಸಿದ್ದೇ ತಡ, ಮತ್ತೆ ಕಪ್ಪು. ವಾಪಸ್ ಒಯ್ದು ಕರ್ನಲ್ಲನ್ನೇ ಕಿತ್ತು ಹಳೆಯದನ್ನು ಹಾಕಿದ. ಬೆಳಕು ಬಂತು. ಅಮ್ಮನ ಮುಂದೆ ಇಟ್ಟ. ಕಪ್ಪು.

"ನಿಮ್ಮ ಕೋಣೇಲಿ ನಗುತ್ತೆ, ಅತ್ತೆ ಮುಂದೆ ಮುಖ ಗಂಟು ಹಾಕ್ಕೊಳುತ್ತೆ. ಥೇಟ್ ನಿಮ್ಮ ಥರಾನೇ ಕಣ್ರೀ" ಎಂದಳು ಹೆಂಡತಿ ಬೂರುಲ್.

"ಸ್ವಲ್ಪ ಬಾಯಿ ಮುಚ್ಕೊಂಡಿರ್ತೀಯಾ?"

"ನಾನು ಮುಚ್ಕೋತೀನಿ. ಶಾಸ್ತ್ರ ಶುರುವಾಗೋ ಹೊತ್ತಾಯ್ತಲ್ಲ, ಅದಕ್ಕೇನು ಹೇಳ್ತೀರಿ?"

ಈ ಸಲ ಮಾರ್ಲೆನ್ ಅಮ್ಮನ ಪಕ್ಕದಲ್ಲೇ ಕೂತು ಕರೆ ಮಾಡಿದ. ಪರದೆಯ ಮೇಲೆ ನರೀನ್‌ನ ಬೀಗರು ಮೂಡಿದರು. ಬೀಗರು ಎದುರು ಬಂದಮೇಲೆ ಬರಿ ಮೇಜು ಇರುತ್ತದೆಯೇ? ಅಮ್ಮ ದುಂಡನೆಯ ದಪ್ಪ ರೊಟ್ಟಿಯೊಂದನ್ನು ತಂದು, ಅವರಿಗೆ ಹತ್ತಿರವಾಗಲಿ ಎಂದು ಕೀಲಿಮಣೆಯ ಮೂಲೆಯ ಮೇಲೇ ಇಟ್ಟಳು. ಪರದೆ ಕಪ್ಪಾಯಿತು.

ಮಾರ್ಲೆನ್‌ಗೆ ಈಗ ಗುಟ್ಟು ಹೊಳೆಯಿತು. ಆ ಮೂಲೆಯಲ್ಲೇ ಕೋಣೆಯ ಬೆಳಕನ್ನು ಅಳೆಯುವ ಪುಟ್ಟ ಕಣ್ಣಿತ್ತು. ರೊಟ್ಟಿ ಅದನ್ನು ಮುಚ್ಚಿದ ಕೂಡಲೇ ರಾತ್ರಿಯಾಯಿತೆಂದುಕೊಂಡು ಕರ್ನಲ್ ದೀಪ ಇಳಿಸುತ್ತಿತ್ತು. ಬೀಗರಿಗೆಂದು ಅಮ್ಮ ಪ್ರತಿ ಸಲವೂ ರೊಟ್ಟಿಯನ್ನು ಅಲ್ಲೇ ಇಟ್ಟಿದ್ದಳು. ಯಂತ್ರ ಒಯ್ಯುವಾಗೆಲ್ಲ ಅದನ್ನು ಎರಡೂ ಕೈಯಲ್ಲಿ ಭಕ್ತಿಯಿಂದ ಎತ್ತಿ ಶೆಲ್ಫಿನ ಮೇಲಿಟ್ಟವನು ತಾನೇ!

"ಏನಯ್ಯ, ನಾವು ಕಾಣ್ತಿದ್ದೀವಾ?" ಕತ್ತಲೊಳಗಿಂದ ಬೀಗರ ದನಿ ಬಂತು. "ಹುಡುಗರು ಓಡೋಕೆ ನಿಂತವ್ರೆ."

ಬೀಗರು ನೋಡುತ್ತಿರುವಾಗ ಅವರ ಮುಂದಿನ ರೊಟ್ಟಿ ಎತ್ತುವುದೆಂದರೆ ಎದ್ದು ಹೋಗಿ ಎಂದಂತೆ. ತಂಗಿ ಬಾಳಬೇಕಾದ ಮನೆ ಅದು. ಮಾರ್ಲೆನ್ ಆ ಕತ್ತಲಲ್ಲೇ, ತಡವರಿಸದೆ, ಬೆಳಕಿನ ಕಣ್ಣನ್ನು ನಡೆಸುವ ಡ್ರೈವರ್ ತಂತ್ರಾಂಶವನ್ನು ಕರ್ನಲ್‌ನಿಂದ ಹೊರದಬ್ಬುವ ಆಜ್ಞೆ ಟೈಪಿಸಿ, ಬೆಳಕು ಏರಿಸುವ ಕೀಲಿ ಒತ್ತಿದ. ಪರದೆ ಭಗ್ಗನೆ ಬೆಳಗಿತು. ಊರ ಮಕ್ಕಳು ಹೋ ಎಂದು ಓಡಿ ಬಂದರು, ಮೊದಲು ಮುಟ್ಟಿದ ಹುಡುಗಿ ದಾರ ಕತ್ತರಿಸಿದಳು, ಬೆಕ್ತೂರ್ ತೂರಾಡುತ್ತ ನೇರ ಅಜ್ಜಿಯ ಕಡೆಗೇ ನಡೆದು ಬಂದ. ಸಾಲ್ಕಿನ್ ಎರಡೂ ಅಂಗೈ ಚಾಚಿ ಹರಸುತ್ತ ಗಳಗಳನೆ ಅತ್ತಳು. ಮಾರ್ಲೆನ್‌ಗೆ ಇಷ್ಟು ಖುಷಿ ಮದುವೆಯ ದಿನವೂ ಆಗಿರಲಿಲ್ಲ.

ಕರೆ ಮುಗಿದ ಮೇಲೆ ಅವನು ಎದೆಯುಬ್ಬಿಸಿ ವಿವರಿಸಿದ. "ರೊಟ್ಟಿ ತೆಗೆಯೋ ಹಾಗಿಲ್ಲ ನೋಡಮ್ಮ. ಅದಕ್ಕೆ ಕರ್ನಲ್ಲನ್ನೇ ಬಗ್ಗಿಸಿಬಿಟ್ಟೆ."

ಸಾಲ್ಕಿನ್ ಕಣ್ಣೊರೆಸಿಕೊಂಡು ರೊಟ್ಟಿಯನ್ನು ಒಂದು ಬೆರಳಿನಿಂದ ಪಕ್ಕಕ್ಕೆ ತಳ್ಳಿದಳು.

"ತೆಗೀಬಾರದು, ನಿಜ. ಜರುಗಿಸಬಾರದು ಅಂತ ಯಾರಪ್ಪಾ ಹೇಳಿದ್ದು ನಿಂಗೆ?"