ನನ್ನ ಪಾಲಿಗೂ ಒಂದು ಆಕ್ಸಿಲೇಟರ್

ಡ್ರೈವಿಂಗ್ ಕಲಿಸುವವರ ಬದುಕಿನಲ್ಲಿ ನಗುವ ಪ್ರಸಂಗಗಳಿಗೆ ಯಾವತ್ತೂ ಬರವಿಲ್ಲ. ಸಾಮಾನ್ಯವಾಗಿ ನಗುವವರು ನಾವು, ನಗೆಪಾಟಲಾಗುವವರು ಕಲಿಯಲು ಬಂದವರು. ಕಳೆದ ವರ್ಷ ಮಾತ್ರ ಎಲ್ಲ ತಲೆಕೆಳಗಾಯಿತು. ಕಲಿಯಲು ಕೂತವಳು ನಾನೇ.

ಎಡಗಡೆ ಸೀಟಿನ ಸಂಕಟ

ಕುಶಾಲನಗರದಲ್ಲಿ ನಾನು ಕಾರು ಕಲಿಸಲು ಶುರುಮಾಡಿ ಹದಿನೈದು ವರ್ಷವಾಯಿತು. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರು ಕೂರುವ ಎಡಗಡೆ ಸೀಟಿನ ಮುಂದೆಯೂ ಪೆಡಲ್‌ಗಳಿರುತ್ತವೆ. ಎಡಗಾಲಿಗೆ ಕ್ಲಚ್, ಬಲಗಾಲಿಗೆ ಬ್ರೇಕ್. ಆಕ್ಸಿಲೇಟರ್ ಇರುವುದಿಲ್ಲ. ಅಂದರೆ ಹದಿನೈದು ವರ್ಷ ಬೆಳಗಿನಿಂದ ಸಂಜೆಯವರೆಗೆ ಕಾರಿನಲ್ಲೇ ಕೂತಿದ್ದರೂ ನಾನು ಮಾಡಿದ ಕೆಲಸ ಒಂದೇ, ನಿಲ್ಲಿಸುವುದು. ಹಸು ಬಂತು, ನಿಲ್ಲಿಸಿದೆ. ಟೂರಿಸ್ಟ್ ಬಸ್ಸು ಬಂತು, ನಿಲ್ಲಿಸಿದೆ. ಮನೆಯಲ್ಲಿ ಟೀವಿ ನೋಡುವಾಗ ಅದರಲ್ಲಿ ಯಾರಾದರೂ ಜೋರಾಗಿ ಗಾಡಿ ಬಿಟ್ಟರೂ ಸಾಕು, ನನ್ನ ಬಲಗಾಲು ತಾನಾಗಿ ನೆಲ ಒತ್ತುತ್ತಿತ್ತು.

ಮೈಸೂರಿನ ಹತ್ತಿರ ಕಾರ್ಟ್ ಓಡಿಸುವ ಟ್ರ್ಯಾಕ್ ಒಂದು ಮುಚ್ಚುತ್ತಿದೆ, ಹಳೇ ಕಾರ್ಟ್‌ಗಳನ್ನು ಮಾರುತ್ತಿದ್ದಾರೆ ಎಂದು ಯಾರೋ ಹೇಳಿದರು. ಸುಮ್ಮನೆ ನೋಡಿ ಬರೋಣವೆಂದು ಹೋದೆ. ಕಾರ್ಟ್ ಎಂದರೆ ಬಾಗಿಲು, ಟಾಪು, ಗೇರು, ಕ್ಲಚ್ಚು ಏನೂ ಇಲ್ಲದ ಪುಟ್ಟ ರೇಸ್ ಗಾಡಿ. ಕೂತರೆ ಸೊಂಟ ನೆಲಕ್ಕೆ ತಾಗುತ್ತದೇನೋ ಅನ್ನಿಸುತ್ತದೆ. ಇರುವುದು ಎರಡೇ ಪೆಡಲ್, ಎಡಗಾಲಿಗೆ ಬ್ರೇಕ್, ಬಲಗಾಲಿಗೆ ಆಕ್ಸಿಲೇಟರ್. ಪಕ್ಕದಲ್ಲಿ ಇನ್ನೊಬ್ಬರು ಕೂರಲು ಜಾಗವೇ ಇಲ್ಲ ಎಂಬುದನ್ನು ನೋಡಿ ನನಗೆ ನಿಜವಾಗಿಯೂ ಕಣ್ಣು ತುಂಬಿ ಬಂತು. ಅವತ್ತೇ ಒಂದನ್ನು ಕೊಂಡುಬಿಟ್ಟೆ.

ಮಾರಿದವನು ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಾ, "ಮಗನಿಗಾ ಮೇಡಂ?" ಅಂದ.

"ಅಲ್ಲಪ್ಪ, ಬಲಗಾಲಿಗೆ" ಅಂದೆ.

ನಿಂಬೆಹಣ್ಣಿನ ಮಹಿಮೆ

ಕೊಂಡಿದ್ದಾಯಿತು, ಓಡಿಸುವುದೆಲ್ಲಿ? ರಸ್ತೆಗೆ ತರುವ ಹಾಗಿಲ್ಲ. ಸುಂಟಿಕೊಪ್ಪದ ಕಡೆ ಅಕ್ಕ ಭಾವನ ಕಾಫಿ ತೋಟವಿದೆ. ಅಲ್ಲಿ ಕಾಫಿ ಒಣಗಿಸುವ ದೊಡ್ಡ ಸಿಮೆಂಟ್ ಕಣ, ಪಿಕ್ಕಿಂಗ್ ಅಂದರೆ ಹಣ್ಣು ಕೀಳುವ ಕೆಲಸ ಶುರುವಾಗುವ ತನಕ, ಖಾಲಿ ಬಿದ್ದಿರುತ್ತದೆ. ಕಾರ್ಟನ್ನು ಪಿಕಪ್‌ನಲ್ಲಿ ಹೇರಿಕೊಂಡು ಅಲ್ಲಿಗೇ ಹೋದೆ. ಅಕ್ಕ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಉಳಿದದ್ದು ಯಾವಾಗ ಬರುತ್ತದೆ ಎಂದು ಕೇಳಿದಳು. ಇಷ್ಟೇ ಎಂದೆ. ಪಾಪ, ಅವಳಿಗೆ ನನ್ನ ಮೇಲೆ ತುಂಬಾ ಕನಿಕರವಾಯಿತು.

ಇಷ್ಟೇ ಆದರೂ ಗಾಡಿ ಗಾಡಿಯೇ, ಪೂಜೆಯಿಲ್ಲದೆ ಹತ್ತಕೂಡದು ಎಂದು ಹಟ ಹಿಡಿದಳು. ಕುಂಕುಮ ಇಡಲು ಬಾನೆಟ್ ಇಲ್ಲ, ಸೀಟಿನ ಬೆನ್ನಿಗೇ ಇಟ್ಟಳು. ಹಾರವನ್ನು ಸ್ಟೀರಿಂಗಿಗೆ ಸುತ್ತಿದಳು. ನಾಲ್ಕು ಚಕ್ರದ ಅಡಿಗೆ ತೋಟದ ದಪ್ಪ ದಪ್ಪ ನಿಂಬೆಹಣ್ಣು ಇಟ್ಟಳು. ಕಾರಾದರೆ ಹಣ್ಣನ್ನು ಅಪ್ಪಚ್ಚಿ ಮಾಡಿಕೊಂಡು ಮುಂದೆ ಹೋಗುತ್ತದೆ. ನನ್ನ ಕಾರ್ಟಿನ ಹೊಟ್ಟೆಗೂ ನೆಲಕ್ಕೂ ನಡುವೆ ಎರಡು ಬೆರಳಿನ ಜಾಗವೂ ಇಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ. ಸ್ಟಾರ್ಟ್ ಮಾಡಿ ಬಿಟ್ಟೆ. ಹಿಂದಿನ ಒಂದು ಹಣ್ಣು ಉರುಳಿ ಒಳಗೆ ಸೇರಿ ಚೈನಿಗೆ ಸಿಕ್ಕಿಕೊಂಡಿತು. ಚೈನು ಕಳಚಿ ಬಿತ್ತು. ನನ್ನ ರೇಸಿಂಗ್ ಜೀವನದ ಮೊದಲ ಓಟ ನಾಲ್ಕು ಅಡಿಗೆ ಮುಗಿಯಿತು.

ಭಾವ ಹೊಟ್ಟೆ ಅಡಿಯಾಗಿ ಮಲಗಿ ಅರ್ಧ ಗಂಟೆ ತಿಣುಕಾಡಿ ನಿಂಬೆಯ ಚೂರುಗಳನ್ನೆಲ್ಲ ಕೆರೆದು ತೆಗೆದರು. ಎದ್ದು ಅಕ್ಕನನ್ನು ದುರುಗುಟ್ಟಿ ನೋಡಿದರು. ಅಕ್ಕನಿಗೆ ಮಾತ್ರ ಪೂಜೆ ಬಹಳ ತೃಪ್ತಿ ತಂದಿತ್ತು.

"ಎಷ್ಟು ದೃಷ್ಟಿಯಾಗಿತ್ತು ನೋಡ್ರಿ, ಚೈನೇ ಕಳಚ್ಕೊಂಡು ಹೋಯ್ತು" ಅಂದಳು.

ಹೆದರಿದಷ್ಟೂ ಸ್ಪೀಡು

ಮರುದಿನ ನಿಂಬೆಯಿಲ್ಲದೆ ಹೊರಟೆ. ಕಣದ ಉದ್ದಕ್ಕೂ ಹಕ್ಕಿಯ ಹಾಗೆ ಹಾರಿದೆ. ತುದಿ ಹತ್ತಿರ ಬಂತು, ತಿರುಗಬೇಕು, ಎದೆ ಧಸಕ್ಕೆಂದಿತು. ಹದಿನೈದು ವರ್ಷದ ಅಭ್ಯಾಸ, ಹೆದರಿಕೆಯಾದ ಕ್ಷಣ ಬಲಗಾಲು ಬಲವಾಗಿ ಒತ್ತಿತು. ಎಡಗಡೆ ಸೀಟಿನಲ್ಲಿ ಬಲಗಾಲಿಗೆ ಸಿಗುವುದು ಬ್ರೇಕ್. ಕಾರ್ಟಿನಲ್ಲಿ ಸಿಕ್ಕಿದ್ದು ಆಕ್ಸಿಲೇಟರ್. ಗಾಡಿ ಇನ್ನೂ ಜೋರಾಗಿ ನುಗ್ಗಿತು. ನಾನು ಇನ್ನೂ ಹೆದರಿ ಇನ್ನೂ ಒತ್ತಿದೆ.

ಕಣದ ಆಚೆ, ಹಿಂದಿನ ವರ್ಷದ ಕಾಫಿ ಸಿಪ್ಪೆ ಕೊಳೆತು ಗೊಬ್ಬರವಾಗುತ್ತಿದ್ದ ಗುಡ್ಡೆಯೊಂದಿತ್ತು. ಅದರೊಳಗೆ ಸೊಂಟದ ತನಕ ಹೋಗಿ ನಿಂತೆ. ಕಾಫಿ ಸಿಪ್ಪೆ ಕೊಳೆತರೆ ಹೇಗೆ ನಾರುತ್ತದೆ ಎಂದು ತೋಟದವರಿಗೆ ಹೇಳಬೇಕಿಲ್ಲ, ಉಳಿದವರಿಗೆ ಹೇಳಿದರೆ ಅರ್ಥವಾಗುವುದಿಲ್ಲ. ಆ ವಾರ ಮೂರು ಸಲ ಹಾಗೇ ಆಯಿತು, ಮೂರು ಸಲವೂ ಅದೇ ಗುಡ್ಡೆ.

ಮೂರನೇ ಸಲ ಭಾವ ಹಾರೆ ಹಿಡಿದು ಬಂದು ನನ್ನನ್ನು ಬಿಡಿಸಿದರು. ಅವತ್ತು ಖಡಾಖಂಡಿತವಾಗಿ ಹೇಳಿದರು. "ನೋಡು ಮಾರಾಯ್ತಿ, ಪಿಕ್ಕಿಂಗ್ ಶುರುವಾಗೋದ್ರೊಳಗೆ ಎಲ್ಲಾದ್ರೂ ಗೆದ್ದು ಒಂದು ಕಪ್ಪು ತಂದು ತೋರ್ಸು. ಇಲ್ಲಾಂದ್ರೆ ಈ ಎಂಜಿನ್ ಬಿಚ್ಚಿ ಔಷಧಿ ಹೊಡೆಯೋ ಪಂಪಿಗೆ ಹಾಕ್ತೀನಿ. ಕಾಫಿಗಾದ್ರೂ ಉಪಯೋಗ ಆಗ್ಲಿ."

ತಮಾಷೆಗೆ ಹೇಳಿದ್ದಲ್ಲ. ಭಾವ ಹೇಳಿದ ಮಾತು ಬದಲಿಸುವವರೇ ಅಲ್ಲ. ಜೀವಮಾನದಲ್ಲಿ ಒಂದೇ ಸಲ ಸಿಕ್ಕಿದ ಆಕ್ಸಿಲೇಟರ್ ಕೈತಪ್ಪಿ ಹೋಗುವುದರಲ್ಲಿತ್ತು. ಕಪ್ಪು ತಂದೇ ತರುತ್ತೇನೆ ಎಂದು ವೀರಾವೇಶದಿಂದ ಹೇಳಿದೆ. ಹೇಳುವಾಗ ಬಾಯಿಯಿಂದ ಎರಡು ಕಾಫಿ ಸಿಪ್ಪೆ ಉದುರಿದವು.

ಬೈಗುಳದ ಪಾಠ

ನನಗೆ ಕಲಿಸಲು ಬರುವ ದಾರಿ ಒಂದೇ, ಬೈದು ಕಲಿಸುವುದು. ನನ್ನನ್ನೇ ಶಿಷ್ಯೆ ಮಾಡಿಕೊಂಡೆ. ದಿನಾ ಸಂಜೆ ನಾಲ್ಕಕ್ಕೆ ಕಣಕ್ಕೆ ಇಳಿದು, ಓಡಿಸುತ್ತಲೇ ಗಂಟಲು ಹರಿಯುವಂತೆ ಬೈದುಕೊಳ್ಳುತ್ತಿದ್ದೆ. ಎಡಗಾಲು ಎಲ್ಲಿಟ್ಟಿದ್ದೀ? ನಿದ್ದೆ ಮಾಡ್ತಿದ್ದೀಯಾ? ಕೆಲಸ ಮಾಡೋ ಲಕ್ಷಣವಾ ಇದು? ನನ್ನ ಗಂಟಲಿನ ವಿಷಯ ಒಂದು ಮಾತು ಹೇಳಬೇಕು. ನಾನು ಕುಶಾಲನಗರದಲ್ಲಿ ಬ್ರೇಕ್ ಅಂದರೆ ಹಾರಂಗಿಯಲ್ಲಿ ಗಾಡಿ ನಿಲ್ಲುತ್ತದೆ ಎಂದು ಭಾವ ಆಡಿಕೊಳ್ಳುತ್ತಾರೆ. ಬೈಗುಳದ ಫಲವೋ ಏನೋ, ಎರಡು ತಿಂಗಳಲ್ಲಿ ಗುಡ್ಡೆಯ ಕಡೆ ಹೋಗುವುದು ನಿಂತಿತು. ತೀರಾ ಹೆದರಿದಾಗ ಮಾತ್ರ ಬಲಗಾಲು ಹಳೇ ಚಾಳಿ ತೋರಿಸುತ್ತಿತ್ತು.

ಒಂದು ದಿನ ಪಕ್ಕದ ಎಸ್ಟೇಟಿನ ರೈಟರ್, ಅಂದರೆ ಅಲ್ಲಿನ ಕೆಲಸದವರ ಹಾಜರಿ ನೋಡಿಕೊಳ್ಳುವವರು, ಬೇಲಿ ದಾಟಿ ಬಂದರು. ದಿನಾ ಯಾರನ್ನು ಹಾಗೆ ಬೈಯುತ್ತಿದ್ದೀರಿ ಎಂದು ಕೇಳಿದರು. ನನಗೆ ನಾಚಿಕೆಯಾಯಿತು. ತೊಂದರೆಯಾಗಿದ್ದರೆ ಕ್ಷಮಿಸಿ, ನಾಳೆಯಿಂದ ಮೆಲ್ಲಗೆ ಬೈದುಕೊಳ್ಳುತ್ತೇನೆ ಎಂದೆ.

"ಅಯ್ಯೋ ಬೇಡ ಮೇಡಂ" ಅಂದರು ರೈಟರ್. "ನಾಲ್ಕು ಗಂಟೆಗೆ ನಮ್ಮವರು ಏನು ಚುರುಕಾಗ್ತಾರೆ ಅಂತೀರಿ. ಬೆಳಗ್ಗೆ ಹತ್ತಕ್ಕೂ ಒಂದು ಸಲ ಬರೋಕಾಗುತ್ತಾ?"

ಕೊನೇ ತಿರುವು

ನವೆಂಬರ್ ಬಂತು, ಕಾಫಿ ಹಣ್ಣು ಕೆಂಪಾಗತೊಡಗಿತು. ಪಿಕ್ಕಿಂಗಿಗೆ ಇನ್ನು ಹತ್ತು ದಿನವೂ ಇರಲಿಲ್ಲ. ಅಷ್ಟರಲ್ಲಿ ಕುಶಾಲನಗರದ ಹೊರಗೆ ಹೊಸಬರಿಗಾಗಿ ಒಂದು ಕಾರ್ಟ್ ರೇಸ್ ನಿಗದಿಯಾಯಿತು. ಹತ್ತು ಸುತ್ತು, ಕಪ್ಪು ಮೊದಲನೆಯವರಿಗೆ ಮಾತ್ರ, ಉಳಿದವರಿಗೆ ಸರ್ಟಿಫಿಕೇಟ್. ಅಕ್ಕ ಭಾವ ಇಬ್ಬರೂ ಬಂದರು. ಅಕ್ಕ ಪ್ರಸಾದ ತಂದಿದ್ದಳು. ಭಾವ ಸ್ಪ್ಯಾನರ್ ಸೆಟ್ ತಂದಿದ್ದರು, ಎಂಜಿನ್ ಅಲ್ಲೇ ಬಿಚ್ಚಿಕೊಂಡರೆ ಸಾಗಿಸುವುದು ಸುಲಭವಂತೆ.

ಹೆಲ್ಮೆಟ್ ಹಾಕಿಕೊಳ್ಳುವಾಗ ಪಕ್ಕದ ಕಾರ್ಟಿನಿಂದ ಒಬ್ಬ ತರುಣ ಎದ್ದು ಬಂದು ನಮಸ್ಕಾರ ಮಾಡಿದ. ನೋಡಿದರೆ ನನ್ನ ಹಳೇ ಶಿಷ್ಯ, ಮಡಿಕೇರಿಯ ಹುಡುಗ, ಮೂರು ವರ್ಷದ ಹಿಂದೆ ನನ್ನ ಹತ್ತಿರವೇ ಕಾರು ಕಲಿತವನು. ತಿರುವು ಬಂದಾಗಲೆಲ್ಲ ಮೈಮರೆತು ನುಗ್ಗುತ್ತಿದ್ದ. ಅವನಿಗಾಗಿ ನಾನು ಒತ್ತಿದಷ್ಟು ಬ್ರೇಕ್ ಇನ್ಯಾರಿಗೂ ಒತ್ತಿದವಳಲ್ಲ.

ಓಟ ಶುರುವಾದ ಎರಡೇ ಸುತ್ತಿಗೆ ಮಳೆ ಸುರಿಯಿತು. ಕೆಂಪಾದ ಹಣ್ಣೆಲ್ಲ ಉದುರುತ್ತದೆಂದು ಭಾವ ಛತ್ರಿಯಡಿಯಲ್ಲಿ ಆಕಾಶಕ್ಕೆ ಬೈಯುತ್ತಿದ್ದರು. ನನಗೋ ಹಬ್ಬ. ಮಡಿಕೇರಿ ರಸ್ತೆಯ ತಿರುವುಗಳಲ್ಲಿ ಎಷ್ಟು ಮಳೆಗಾಲ ಕಲಿಸಿದವಳು ನಾನು. ಒಬ್ಬೊಬ್ಬರೇ ಜಾರಿ ಗಿರ್ರನೆ ತಿರುಗಿ ಹುಲ್ಲಿಗೆ ಹೋದರು. ನಾನು ನೀಟಾಗಿ, ಎಡಗಾಲಿನಲ್ಲಿ ಮೆತ್ತಗೆ ಬ್ರೇಕ್ ಒತ್ತುತ್ತಾ, ಎಂಟನೆಯ ಜಾಗದಿಂದ ಎರಡನೆಯದಕ್ಕೆ ಬಂದೆ. ಮುಂದೆ ಉಳಿದವನು ನನ್ನ ಶಿಷ್ಯನೊಬ್ಬನೇ.

ಕೊನೇ ಸುತ್ತು, ಕೊನೇ ತಿರುವು. ಅವನ ಹಿಂದೆ ಎರಡೇ ಮಾರು ದೂರದಲ್ಲಿ ನಾನು. ಅವನು ಹಳೇ ಹಾಗೆಯೇ ನುಗ್ಗಿದ. ಇನ್ನೇನು ತಿರುವಿನ ಅಂಚಿಗೆ ಜೋಡಿಸಿದ್ದ ಟೈರಿನ ಗೋಡೆಗೆ ಬಡಿಯುತ್ತಾನೆ ಎಂದು ನನ್ನ ಜೀವ ಬಾಯಿಗೆ ಬಂತು. ದೇವರಾಣೆ, ಆ ಗಳಿಗೆಯಲ್ಲಿ ಕಪ್ಪಿನ ನೆನಪೂ ಇರಲಿಲ್ಲ. ಬಾಯಿ ತಾನಾಗಿ ಕಿರುಚಿತು.

"ಬ್ರೇಕ್! ಬ್ರೇಕ್ ಒತ್ತೋ!"

ಹೆಲ್ಮೆಟ್, ಎಂಜಿನ್, ಮಳೆ, ಎಲ್ಲವನ್ನೂ ದಾಟಿ ಆ ಕೂಗು ಹೋಯಿತು. ಅವನು ಹಿಂದೆ ತಿರುಗಿಯೂ ನೋಡಲಿಲ್ಲ, ಸರಕ್ಕನೆ ಬ್ರೇಕ್ ಒತ್ತಿದ. ಅದೇ ಹೊತ್ತಿಗೆ, ಹೆದರಿದ ನನ್ನ ಬಲಗಾಲು ತನ್ನ ಹಳೇ ಬ್ರೇಕನ್ನು ಹುಡುಕಿಕೊಂಡು ಹೋಗಿ ಆಕ್ಸಿಲೇಟರನ್ನು ತಳದ ತನಕ ಒತ್ತಿತು. ಅವನು ನಿಂತ, ನಾನು ಅವನ ಪಕ್ಕದಿಂದ ತಿರುವು ದಾಟಿ ಹಾರಿದೆ. ಗೆಲುವಿನ ಗೆರೆ ದಾಟಿದ ಮೇಲೂ ಕಾಲು ಏಳಲಿಲ್ಲ, ಅದರಾಚೆಯ ಟೈರಿನ ಗೋಡೆಯೊಳಗೆ ಹೋಗಿಯೇ ನಿಂತೆ. ಕಾಫಿ ಸಿಪ್ಪೆಯ ಮುಂದೆ ಅದು ಹೂವಿನ ಹಾಸಿಗೆ.

ಗೆದ್ದಿದ್ದೆ. ಟೈರುಗಳ ನಡುವೆಯೇ ಕೈ ಮೇಲೆತ್ತಿ ಕೂಗಿದೆ, ಕಣ್ಣೀರೂ ಹಾಕಿದೆ. ಅಕ್ಕ ಪ್ರಸಾದವನ್ನು ಕಂಡಕಂಡವರಿಗೆ ಹಂಚಿದಳು. ಭಾವ ಸ್ಪ್ಯಾನರ್ ಸೆಟ್ ಬಿಚ್ಚಿ, ಬಗ್ಗಿಹೋಗಿದ್ದ ನನ್ನ ಬಂಪರ್ ನೆಟ್ಟಗೆ ಮಾಡಲು ಕೂತರು.

ನನ್ನ ಮನಸ್ಸು ಒಪ್ಪಲಿಲ್ಲ. ಕಪ್ಪು ಕೊಡುವ ಮೊದಲೇ ತೀರ್ಪುಗಾರರ ಹತ್ತಿರ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ನಿಯಮದ ಪುಸ್ತಕ ಎರಡು ಸಲ ತಿರುವಿದರು. ಹಿಂದಿನಿಂದ ಪಾಠ ಹೇಳಬಾರದೆಂದು ಎಲ್ಲೂ ಬರೆದಿರಲಿಲ್ಲ. ಶಿಷ್ಯನನ್ನು ಕರೆದು, ನಿನ್ನ ತಕರಾರು ಏನಾದರೂ ಇದೆಯಾ ಎಂದು ಕೇಳಿದರು.

ಅವನು ಇಲ್ಲವೆಂದು ತಲೆಯಾಡಿಸಿದ. ಮೇಡಂ ಕೂಗದಿದ್ದರೆ ಗೋಡೆಗೆ ಹೊಡೆಯುತ್ತಿದ್ದೆ ಎಂದು ಅವನೇ ಹೇಳಿದ. ಆಮೇಲೆ ನನ್ನ ಕಡೆ ತಿರುಗಿ, "ಲೈಸೆನ್ಸ್ ಬಂದು ಮೂರು ವರ್ಷ ಆಯ್ತು ಮೇಡಂ. ಕಾಲು ಮಾತ್ರ ಇನ್ನೂ ನಿಮ್ಮ ಮಾತೇ ಕೇಳುತ್ತೆ" ಅಂದ.

ಕಪ್ಪನ್ನು ಎದೆಗೆ ಅವುಚಿಕೊಂಡು ಅವನ ಬೆನ್ನು ತಟ್ಟಿದೆ.

"ಪುಣ್ಯವಂತ ನೀನು. ನನ್ನ ಕಾಲು ಇನ್ನೂ ಕೇಳಲ್ಲ ಕಣೋ."