ಬಾಡಿನ ಗುಡ್ಡೆಯೂ ಬಾಡಿಗೆ ಸರ್ವರೂ

ಉಪಕಾರ ಮಾಡುವವನಿಗೆ ಇದು ಕಾಲವಲ್ಲ. ಹೊಟ್ಟೆ ಉರಿದೇ ಹೇಳುತ್ತಿದ್ದೇನೆ. ನಮ್ಮ ಬೀದಿಯ ಗುಡ್ಡೆ ಬಾಡಿನ ಲೆಕ್ಕಕ್ಕೆ ವೆಬ್‌ಸೈಟು ಮಾಡಿಕೊಟ್ಟವನು ನಾನು. ಹೊಸತೊಡಕಿನ ದಿನ ಬಾಡಿಲ್ಲದೆ ಮನೆಗೆ ಬಂದವನೂ ನಾನೇ!

ಯುಗಾದಿಯ ಮಾರನೆಯ ದಿನ ಹೊಸತೊಡಕು. ಅಂದು ಬೆಸಗರಹಳ್ಳಿಯ ನಮ್ಮ ಬೀದಿಯವರೆಲ್ಲ ಸೇರಿ ಕುರಿ ತಂದು, ಕೊಯ್ದು, ಬಾಳೆಲೆ ಹಾಸಿ ಬಾಡನ್ನು ಗುಡ್ಡೆ ಹಾಕುತ್ತೇವೆ. ತಲೆ, ಕಾಲು, ಲಿವರು, ಬೋಟಿ ಎಲ್ಲವೂ ಎಲ್ಲರಿಗೂ ಸಮ. ಮನೆಗೊಂದು ಗುಡ್ಡೆ. ಮೊದಲೆಲ್ಲ ಹೆಸರು ಹೇಳುವುದು ಬಾಯಿಮಾತಿನಲ್ಲೇ ನಡೆಯುತ್ತಿತ್ತು, ಆಮೇಲಿನ ಜಗಳವೂ ಬಾಯಿಮಾತಿನಲ್ಲೇ ನಡೆಯುತ್ತಿತ್ತು. ಗಣಿತದ ಮೇಷ್ಟ್ರಾಗಿ ನಿವೃತ್ತನಾದ ನಾನು ಕಂಪ್ಯೂಟರು ಕಲಿತು ಇದಕ್ಕೊಂದು ವೆಬ್‌ಸೈಟು ಕಟ್ಟಿದೆ. ಬೇಕಾದವರು ಫೋನಿನಲ್ಲೇ ಹೆಸರು ಹಾಕುವುದು, ಗುಡ್ಡೆ ಹಾಕುವ ಬೋರಣ್ಣ ಅದನ್ನು ನೋಡಿ ಕುರಿ ತರುವುದು, ಆ ದಿನ ಹೆಸರು ಕೂಗುವುದು. ಈ ಸಮಸ್ತ ವ್ಯವಸ್ಥೆ ನಮ್ಮ ಮನೆಯ ಮಂಚದ ಕೆಳಗಿನ ಹಳೆಯ ಕಂಪ್ಯೂಟರಿನಲ್ಲಿ ವಾಸವಾಗಿತ್ತು.

ಕರೆಂಟು ಹೋದರೆ ವೆಬ್‌ಸೈಟೂ ಹೋಗುತ್ತಿತ್ತು. ಕರೆಂಟು ಇದ್ದಾಗ ನನ್ನ ಹೆಂಡತಿ ಜಯಮ್ಮ ಅದರ ಪ್ಲಗ್ಗು ಕಿತ್ತು ಇಸ್ತ್ರಿಪೆಟ್ಟಿಗೆ ಸಿಕ್ಕಿಸುತ್ತಿದ್ದಳು. ಈ ವರ್ಷ ಹಾಗಾಗುವಂತಿರಲಿಲ್ಲ. ಮಗಳನ್ನು ಮಳವಳ್ಳಿ ಕಡೆಯ ಪೂರಿಗಾಲಿಗೆ ಕೊಟ್ಟ ಮೇಲೆ ಇದು ಮೊದಲ ಹೊಸತೊಡಕು. ಬೀಗರಾದ ಸಿದ್ದೇಗೌಡರು ಊಟಕ್ಕೆ ಬರುವವರಿದ್ದರು. ಬೀಗರ ಎಲೆಗೆ ಬಾಡು ಬೀಳದಿದ್ದರೆ ನಾನು ಈ ಜಿಲ್ಲೆಯಲ್ಲಿ ತಲೆ ಎತ್ತಿ ತಿರುಗುವ ಹಾಗಿಲ್ಲ.

ಆದ್ದರಿಂದ ಬಾಡಿಗೆ ಸರ್ವರು ಹಿಡಿದೆ. ಅಂದರೆ, ಎಲ್ಲೋ ದೂರದೂರಿನಲ್ಲಿ ಹಗಲೂ ರಾತ್ರಿ ಕರೆಂಟಿರುವ ಕಂಪ್ಯೂಟರಿನಲ್ಲಿ ನಮಗೊಂದು ಮೂಲೆ. ಮಂಚದ ಕೆಳಗಿನದನ್ನು ಅಲ್ಲಿಗೆ ಸಾಗಿಸಿದರೆ ಮುಗಿಯಿತು.

"ನೋಡ್ಕಂಡು ಸಾಗ್ಸಿ. ಓದ್ಸಲ ಮನೆ ಬದಲಾಯ್ಸುವಾಗ ರುಬ್ಬೋಗುಂಡು ಬುಟ್ ಬಂದ್ರಿ," ಎಂದಳು ಜಯಮ್ಮ.

ಪೆನ್‌ಡ್ರೈವಿನಲ್ಲಿ ವೆಬ್‌ಸೈಟಿನ ಎರಡು ಪ್ರತಿಗಳಿದ್ದವು. ಒಂದರ ಹೆಸರು 'ಕೊನೆಯದು', ಇನ್ನೊಂದರದು 'ಇದೇ ಕೊನೆಯದು'. ಧೈರ್ಯವಾಗಿ ಮೊದಲನೆಯದನ್ನು ಹೊಸ ಸರ್ವರಿಗೆ ಏರಿಸಿ, ವೆಬ್‌ಸೈಟಿನ ವಿಳಾಸವನ್ನು ಅತ್ತ ತಿರುಗಿಸಿದೆ. ಮನೆಯಲ್ಲೇ ಕುಳಿತು ತೆರೆದು ನೋಡಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯಿತು! ಪಟ್ಟಿಯ ಮೊದಲಿಗೆ ನನ್ನದೇ ಹೆಸರು. ಬೀದಿಯವರಿಗೆಲ್ಲ ಸಂದೇಶ ಕಳಿಸಿದೆ, ಬೀಗರಿಗೂ ಕಳಿಸಿದೆ. ನಾಲ್ಕು ಜನ ನೋಡಲಿ ಎಂಬ ಆಸೆ ಯಾರಿಗಿರುವುದಿಲ್ಲ ಹೇಳಿ.

ಮಾರನೆಯ ಬೆಳಿಗ್ಗೆ ಎದುರುಮನೆಯ ನಿಂಗರಾಜು ಬಂದ. ಕರಿಯಪ್ಪ ಎಂಬವರು ಮನೆ ಮಾರಿಕೊಂಡು ಮಂಡ್ಯಕ್ಕೆ ಹೋದಾಗ ಆ ಮನೆ ಕೊಂಡವನು ಇವನೇ.

"ಮೇಷ್ಟ್ರೇ, ನನ್ನೆಸ್ರು ಮಾಯ ಆಗದೆ ಕಣಿ. ನಮ್ಮನೆ ಜಾಗದಲ್ಲಿ ಕರಿಯಪ್ಪನ ಎಸ್ರು ಅದೆ."

ನನ್ನ ಫೋನು ತೆಗೆದು ಅವನ ಮೂಗಿಗೆ ಹಿಡಿದೆ. "ಇದೇನಿದು? ನಿಂಗರಾಜು ಅಂತ ಇಲ್ಲವಾ? ನಿನ್ನ ಫೋನು ಸರಿಯಿಲ್ಲ. ಹಳೆಯದನ್ನೆಲ್ಲ ಅಳಿಸು."

ಅವನು ಮೇಷ್ಟ್ರ ಮಾತಿಗೆ ಬೆಲೆ ಕೊಟ್ಟು ಮಗುವಿನ ನಾಮಕರಣದ ಫೋಟೋಗಳನ್ನೂ ಅಳಿಸಿದ. ಅಳಿಸಲು ನಾನು ಹೇಳಿದ್ದು ಅದನ್ನಲ್ಲ. ಇದಕ್ಕೂ ನನ್ನನ್ನೇ ಬೈಯುವುದೆಂದರೆ ಏನು ನ್ಯಾಯ?

ಆಮೇಲೆ ಇನ್ನೂ ಕೆಲವರು ಒಬ್ಬೊಬ್ಬರಾಗಿ ಬಂದರು. ಎಲ್ಲರದೂ ಒಂದೇ ರಾಗ, ಹೆಸರಿಲ್ಲ, ಹೆಸರಿಲ್ಲ. ನನಗೆ ರೇಗಿತು. ಕಣ್ಣೆದುರಿಗೆ ಎಲ್ಲರ ಹೆಸರೂ ಇದೆ, ಇವರಿಗೆ ಮಾತ್ರ ಕಾಣುವುದಿಲ್ಲವಂತೆ. ಮೂವತ್ತೈದು ವರ್ಷ ಲೆಕ್ಕ ಹೇಳಿಕೊಟ್ಟ ಊರು ಇದು! ಬಂದವರನ್ನೆಲ್ಲ ಬೈದು ಕಳಿಸಿದೆ. ಅವರು ನನ್ನ ತಂಟೆಯೇ ಬೇಡವೆಂದು ತಮ್ಮ ತಮ್ಮ ಹೆಸರನ್ನು ಮತ್ತೆ ಹಾಕಿಕೊಂಡರು. ನನಗೆ ಆ ಅಗತ್ಯವಿರಲಿಲ್ಲ. ನನ್ನ ಹೆಸರು ಮೊದಲಿಗೇ ಇತ್ತಲ್ಲ.

ಹೊಸತೊಡಕಿನ ಬೆಳಿಗ್ಗೆ ಪಾತ್ರೆ ಹಿಡಿದು ಎಲ್ಲರಿಗಿಂತ ಮುಂದೆ ನಿಂತೆ. ಬೋರಣ್ಣ ಫೋನು ನೋಡುತ್ತ ಹೆಸರು ಕೂಗಿದ. ಒಂದೊಂದೇ ಗುಡ್ಡೆ ಎದ್ದು ಹೋಯಿತು. ಪಟ್ಟಿಯಲ್ಲಿರುವವರಿಗೆಲ್ಲ ವೆಬ್‌ಸೈಟು ತಾನಾಗಿಯೇ ಕಳಿಸುವ ಸಂದೇಶ ನೋಡಿ ಮಂಡ್ಯದಿಂದ ಕರಿಯಪ್ಪನೂ ಸ್ಕೂಟರಿನಲ್ಲಿ ಬಂದಿದ್ದ. "ಊರು ಬುಟ್ರೂವೆ ಮೇಷ್ಟ್ರು ನನ್ನ ಮರೀನಿಲ್ಲ ನೋಡಿ," ಎಂದು ನನಗೆ ಕೈಮುಗಿದು ಕೊನೆಯ ಗುಡ್ಡೆ ಎತ್ತಿಕೊಂಡು ಹೋದ. ಎಲೆ ಖಾಲಿಯಾಯಿತು. ನನ್ನ ಪಾತ್ರೆಯೂ ಖಾಲಿ.

"ನಂದೆಲ್ಲಯ್ಯ?"

"ನಿಮ್ಮೆಸ್ರು ಇಲ್ವಲ್ಲ ಮೇಷ್ಟ್ರೇ."

"ಕಣ್ಣು ಕಾಣುತ್ತದೋ ಇಲ್ಲವೋ ನಿನಗೆ? ಮೊದಲನೇ ಹೆಸರೇ ನಂದು," ಎಂದು ನನ್ನ ಫೋನು ತೆರೆದು ಹಿಡಿದೆ.

ಇರಲಿಲ್ಲ. ಅಲ್ಲಿದ್ದದ್ದು ಹೋದ ವರ್ಷದ ಪಟ್ಟಿ, ಅದರ ಕೆಳಗೆ ಅದರಲ್ಲಿಲ್ಲದವರು ಮತ್ತೆ ಹಾಕಿಕೊಂಡ ಹೆಸರುಗಳು. ನಾನು ಏರಿಸಿದ 'ಕೊನೆಯದು' ಹೋದ ವರ್ಷದ್ದು. ಹೋದ ವರ್ಷ ನಮ್ಮ ತಾಯಿ ತೀರಿಕೊಂಡಿದ್ದರಿಂದ ನಮಗೆ ಹಬ್ಬವಿರಲಿಲ್ಲ, ಗುಡ್ಡೆಗೆ ಹೆಸರು ಹಾಕಿರಲಿಲ್ಲ. ಆಗ ಹೊಳೆಯಿತು. ಹಿಂದೊಮ್ಮೆ ನಾನೇ ನಮ್ಮ ಮನೆಯ ವೈಫೈ ಪೆಟ್ಟಿಗೆಗೆ ಒಂದು ಆಜ್ಞೆ ಕೊಟ್ಟಿದ್ದೆ. ಈ ವೆಬ್‌ಸೈಟನ್ನು ಮನೆಯೊಳಗಿಂದ ಯಾರಾದರೂ ಕೇಳಿದರೆ ಊರೆಲ್ಲ ಅಲೆಯಬೇಡ, ಮಂಚದ ಕೆಳಗಿದೆ, ಅದನ್ನೇ ತೋರಿಸು ಎಂದು. ಆ ಆಜ್ಞೆಯನ್ನು ಹಿಂತೆಗೆದುಕೊಂಡಿರಲಿಲ್ಲ. ಲೋಕವೆಲ್ಲ ಹೊಸ ಸರ್ವರನ್ನು ನೋಡುತ್ತಿದ್ದರೆ ನಾನೊಬ್ಬ ಮನೆಯಲ್ಲಿ ಕುಳಿತು ಮಂಚದ ಕೆಳಗಿನದನ್ನು ನೋಡಿ ಹಿಗ್ಗುತ್ತಿದ್ದೆ. ಬೇಗ ತೆರೆಯದೆ ಏನು ಮಾಡುತ್ತದೆ, ಮೂರು ಮಾರು ದೂರದಲ್ಲಿತ್ತು!

"ಓಗ್ಲಿ ಬುಡಿ, ಎಲ್ಲಾರ ಪಾಲ್ನಿಂದ್ಲೂ ಒಂದೊಂದು ತುಂಡು ತೆಗ್ಸಿಕೊಡ್ತೀನಿ," ಎಂದ ಬೋರಣ್ಣ.

ಅಲ್ಲಿಗೆ ಸುಮ್ಮನೆ ಪಾತ್ರೆ ಒಡ್ಡಿದ್ದರೆ ಮರ್ಯಾದೆ ಉಳಿಯುತ್ತಿತ್ತು. "ನಾನೇನು ಭಿಕ್ಷೆಗೆ ಬಂದಿಲ್ಲ," ಎಂದು ಗುಡುಗಿ, ಸ್ಕೂಟರು ಹತ್ತಿ ಮದ್ದೂರಿಗೆ ಹೋದೆ. ಹೊಸತೊಡಕಿನ ದಿನ ಮದ್ದೂರಿನ ಬಾಡಿನಂಗಡಿ ಸಾಲು ಹೇಗಿರುತ್ತದೆಂದು ಕೇಳಬೇಡಿ. ನನ್ನ ಸರದಿ ಬರುವಷ್ಟರಲ್ಲಿ ಅಂಗಡಿಯವನು ಮರದ ದಿಮ್ಮಿ ತೊಳೆಯುತ್ತಿದ್ದ. ಕೋಳಿಯೂ ಮುಗಿದಿತ್ತು. ಮೊಟ್ಟೆ ಕಟ್ಟಿಸಿಕೊಂಡು ಬಂದೆ.

ಜಯಮ್ಮ ಮಸಾಲೆ ರುಬ್ಬಿಟ್ಟು ಕಾಯುತ್ತಿದ್ದಳು. ಮೊಟ್ಟೆ ನೋಡಿದಳು, ನನ್ನನ್ನು ನೋಡಿದಳು. "ಬೀಗ್ರಿಗೆ ಇದ್ನ ಬಡ್ಸಾದಾ? ನಿಮ್ ಕಂಪ್ಯೂಟ್ರನ್ನೇ ಕೊಚ್ಚಾಕಿ, ಸಾರ್ ಮಾಡ್ತೀನಿ," ಎಂದಳು. ನಾನು ಬಾಡಿಗೆ ಸರ್ವರಿನ ಕಂಪನಿಯನ್ನು ಬೈದೆ. ಪಾಪ, ಅದೊಂದೇ ಯಾವ ತಪ್ಪನ್ನೂ ಮಾಡಿರಲಿಲ್ಲ.

ಅಷ್ಟರಲ್ಲಿ ಬೀಗರು ಬಂದೇಬಿಟ್ಟರು. ಕೈಯಲ್ಲೊಂದು ಭಾರದ ಚೀಲ. ಅದನ್ನು ಜಯಮ್ಮನ ಕೈಗೆ ಕೊಟ್ಟು, ನನ್ನನ್ನು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ ಹೇಳಿದರು. "ನಾಚ್ಕಬ್ಯಾಡಿ ಬೀಗ್ರೇ. ನಿಮ್ಮ ವೆಬ್‌ಸೈಟ್ನಾಗೆ ದಿನಾ ನೋಡ್ತಿದ್ದೆ, ನಿಮ್ಮೊಬ್ರ ಎಸ್ರೇ ಇರ್ನಿಲ್ಲ. ಮಗಳ ಮದ್ವೆ ಮಾಡಿ ಕೈ ಬಿಗಿಯಾಗಿರ್ಬೇಕು ಅಂದ್ಕಂಡು ನಮ್ಮೂರ ಗುಡ್ಡೇಲಿ ಇನ್ನೊಂದು ಪಾಲು ಬರ್ಸಿ ತಂದೆ."

ಬೀಗರು ತಂದ ಬಾಡನ್ನು ಬೀಗರಿಗೇ ಬಡಿಸಿದೆವು. ಸಾರು ಸೊಗಸಾಗಿತ್ತು, ನಾನು ಮಾತ್ರ ತಲೆ ಎತ್ತದೆ ಉಂಡೆ. ಸಿದ್ದೇಗೌಡರು ಮೂಳೆ ಚೀಪುತ್ತ, ನನ್ನನ್ನು ಸಮಾಧಾನಪಡಿಸಲೆಂದೇ ಇರಬೇಕು, "ಏನೇ ಅನ್ನಿ, ವೆಬ್‌ಸೈಟು ಚೆನ್ನಾಗದೆ. ನಮ್ಮೂರ್ಗೂ ಒಂದು ಮಾಡ್ಕೊಡಿ," ಎಂದರು.

ನಾನು ಕೊಂಚ ಚೇತರಿಸಿಕೊಂಡು ಬಾಯಿ ತೆರೆಯುವಷ್ಟರಲ್ಲಿ ಅಡಿಗೆಮನೆಯಿಂದ ಜಯಮ್ಮನ ದನಿ ಬಂತು.

"ಬ್ಯಾಡ ಕಣಣ್ಣ. ನಿಮ್ಮೂರ್ಗೂ ಇವ್ರೇ ಮಾಡ್ಕೊಟ್ರೆ, ಮುಂದಿನ ವರ್ಸ ನಮಗೆ ಬಾಡು ತರೋರು ಯಾರು?"